ಕಟ್ಟೆಯ ನಳಕ್ಕೆ ಬೂಚು ಹಾಕಿದ್ದು

ನಳದ ಕೆಲಸ ಬಿಟ್ಟು ಎರಡು ವರ್ಷವಾಯಿತು. ನಾನು ಬಿಟ್ಟೆ ಎನ್ನುವುದಕ್ಕಿಂತ ಮೊಣಕಾಲುಗಳು ಬಿಡಿಸಿದವು ಎನ್ನುವುದೇ ಸರಿ. ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತರೆ ಏಳಿಸಲು ಇಬ್ಬರು ಬೇಕಾಗತೊಡಗಿದರು. ಹಾಗಾಗಿ ನಳ ತಿರುವುವ ಪಾನಾ, ಗರಗಸ, ಪೈಪು ಅಂಟಿಸುವ ಸೊಲ್ಯೂಶನ್ ಡಬ್ಬಿಗಳನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟೆ. ಈಗ ಕೋರ್ಸ್ ಮುಗಿಸಿ ಈ ಕೆಲಸಕ್ಕೆ ಬರುವವರು ಆಗಾಗ ನಮ್ಮ ಉದಗೀರದ ಮನೆಗೆ ಬಂದು, "ಕಾಕಾ, ಏನರೆ ಎರಡು ಮಾತು ಹೇಳ್ರಿ" ಎನ್ನುತ್ತಾರೆ. ಪೈಪು ಹೇಗೆ ಜೋಡಿಸಬೇಕೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಮೊಬೈಲಿನಲ್ಲಿ ನೋಡಿ ಕಲಿತಿರುತ್ತಾರೆ. ನಾನು ಹೇಳಬಹುದಾದದ್ದು ನಾನು ಮಾಡಿದ ತಪ್ಪುಗಳನ್ನು. ಅವು ಮೊಬೈಲಿನಲ್ಲಿ ಸಿಗುವುದಿಲ್ಲ. ದೇವರ ದಯೆಯಿಂದ ನನ್ನ ಹತ್ತಿರ ಬೇಕಾದಷ್ಟು ಇವೆ.

ನಾನು ಕೆಲಸ ಕಲಿತದ್ದು ನಿಲಂಗಾದಲ್ಲಿ, ಮಹಬೂಬ ಉಸ್ತಾದರ ಕೈಯಲ್ಲಿ. ಆಗ ಕಬ್ಬಿಣದ ಪೈಪಿನ ಕಾಲ ಮುಗಿದು ಪ್ಲಾಸ್ಟಿಕ್ ಪೈಪಿನ ಕಾಲ ಶುರುವಾಗಿತ್ತು. ಜೋಡಿಸುವ ಸಾಮಾನುಗಳು ಸುಲಭಕ್ಕೆ ಸಿಗುತ್ತಿರಲಿಲ್ಲ. ಉಸ್ತಾದರು ಪೈಪಿನ ತುದಿಯನ್ನು ಸ್ಟೋವಿನ ಉರಿಗೆ ಹಿಡಿದು, ಮೆತ್ತಗಾದ ಮೇಲೆ ಇನ್ನೊಂದು ಪೈಪನ್ನು ಅದರೊಳಗೆ ತೂರಿಸುತ್ತಿದ್ದರು. ನಳ ಬೇಡವೆಂದರೆ ತುದಿಯನ್ನು ಕಾಸಿ, ಮಡಚಿ, ತಂತಿ ಸುತ್ತಿಬಿಡುತ್ತಿದ್ದರು. ನೋಡಲು ಕೆಟ್ಟದಾಗಿ ಕಂಡರೂ ವರ್ಷಗಟ್ಟಲೆ ಒಂದು ಹನಿ ಸೋರುತ್ತಿರಲಿಲ್ಲ. ಈಗ ಎಂಡ್ ಕ್ಯಾಪ್ ಬಂದಿದೆ, ಸೊಲ್ಯೂಶನ್ ಹಚ್ಚಿ ತಿರುವಿದರೆ ಮುಗಿಯಿತು. ನಾವು ಇಲ್ಲಿ ಅದಕ್ಕೆ ಬೂಚು ಎಂದೇ ಅನ್ನುತ್ತೇವೆ.

ಉಸ್ತಾದರದ್ದು ಒಂದೇ ಹಟ. ಯಾವುದೇ ನಳ ಮುಚ್ಚುವ ಮೊದಲು ಒಂದು ಪಾಳಿ ಕೂತು ನೋಡಬೇಕು. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಓಣಿಗೆ ಎಂಟು ದಿನಕ್ಕೊಮ್ಮೆ ಪಾಳಿ. ಅಂದರೆ ಐದು ನಿಮಿಷದ ಕೆಲಸಕ್ಕೆ ಎಂಟು ದಿನ ಕಾಯಬೇಕು.

"ಬೇಟಾ, ಪೈಪ್ ಕೊಯ್ಲಿಕ್ಕ ಎಷ್ಟೊತ್ತು ಬೇಕು? ಪೈಲೇ ಕೂತು ನೋಡು. ನೀರ ಎಲ್ಲಿಂದ ಬರ್ತಾವ, ಎಲ್ಲಿಗಿ ಹೋಗ್ತಾವ, ಯಾರ್ ತುಂಬ್ಕೋತಾರ. ಆಮ್ಯಾಲ ಗರಗಸ ಹಿಡಿ" ಎನ್ನುತ್ತಿದ್ದರು.

ನನಗೆ ಇದು ಮುದುಕರ ಚಾಳಿ ಎನಿಸುತ್ತಿತ್ತು. ಆ ವಯಸ್ಸಿನಲ್ಲಿ ಕೂಡುವುದೆಂದರೆ ಕೆಲಸವೇ ಅಲ್ಲ.

ನನ್ನ ಮೊದಲ ದೊಡ್ಡ ತಪ್ಪು ವಲಾಂಡಿಯಲ್ಲಿ ಆಯಿತು. ಒಬ್ಬರು ರೈತರು ದನದ ತೊಟ್ಟಿಯ ಕಡೆಗೆ ಹೋಗಿದ್ದ ನಳವನ್ನು ಮುಚ್ಚಲು ಕರೆದಿದ್ದರು. ಉಸ್ತಾದರಿಗೆ ಜ್ವರ, ನಾನೊಬ್ಬನೇ ಹೋದೆ. ಪೈಪು ಕೊಯ್ದರೆ ಒಳಗಿಂದ ನೀರು ತೊಟ್ಟಿಕ್ಕುವುದು ನಿಲ್ಲಲೊಲ್ಲದು. ಹಸಿ ಪೈಪಿಗೆ ಸೊಲ್ಯೂಶನ್ ಹಿಡಿಯುವುದಿಲ್ಲ. ಇಂಥ ಹೊತ್ತಿನಲ್ಲಿ ಉಸ್ತಾದರು ಪೈಪಿನ ಬಾಯಿಗೆ ಮೆತ್ತಗಿನ ಪಾವ್ ಬ್ರೆಡ್ಡು ತುರುಕುವುದನ್ನು ನೋಡಿದ್ದೆ. ಅದು ಹನಿಯನ್ನು ಹೀರಿಕೊಂಡು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟರಲ್ಲಿ ಅಂಟು ಒಣಗುತ್ತದೆ, ಆಮೇಲೆ ಪಾವ್ ಕರಗಿ ಹೋಗುತ್ತದೆ. ಆ ಊರಲ್ಲಿ ಪಾವ್ ಎಲ್ಲಿ ಹುಡುಕಲಿ? ನನ್ನ ಬುತ್ತಿಯಲ್ಲಿ ಕಡಕ್ ಜೋಳದ ರೊಟ್ಟಿ ಇತ್ತು. ಅದನ್ನೇ ಪುಡಿ ಮಾಡಿ ಗಟ್ಟಿಯಾಗಿ ಜಡಿದು ಬೂಚು ಹಾಕಿದೆ. ಒಂದು ಹನಿ ಹೊರಗೆ ಬರಲಿಲ್ಲ. ನಾನು ಉಸ್ತಾದರಿಗಿಂತ ಜಾಣ ಎಂದುಕೊಂಡು ಬಸ್ಸು ಹತ್ತಿದೆ.

ನಾಲ್ಕನೇ ದಿನ ಆ ರೈತರು ಮೋಟಾರ್ ಸೈಕಲ್ ಮೇಲೆ ನಿಲಂಗಾಕ್ಕೆ ಬಂದರು. "ಉಸ್ತಾದ್, ನಮ್ಮ ಮನಿ ನೀರ ಹುಳಿ ಅಂಬಲಿ ನಾರಿದಂಗ ನಾರ್ಲತ್ತಾವ" ಎಂದರು. ಉಸ್ತಾದರು ನನ್ನ ಕಡೆ ತಿರುಗಿದರು.

"ಏನ್ ತುಂಬಿದಿ?"

"ರೊಟ್ಟಿರೀ."

"ಯಾವ ರೊಟ್ಟಿ?"

"ಜೋಳದ್ದು. ಕಡಕ್."

ಉಸ್ತಾದರು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟರು. ಜ್ವರದ ಮೈಯಲ್ಲಿ ಅಷ್ಟು ನಗಬಾರದಿತ್ತು. ಮರುದಿನ ಇಬ್ಬರೂ ಹೋಗಿ ನೋಡಿದರೆ ರೊಟ್ಟಿ ಉಬ್ಬಿ, ಹುದುಗು ಬಂದು, ಪೈಪಿನಲ್ಲಿ ಗಚ್ಚಿನಂತೆ ಕೂತಿತ್ತು. ಇನ್ನೊಂದು ತಪ್ಪನ್ನೂ ಉಸ್ತಾದರು ತೋರಿಸಿದರು. ನಾನು ಬೂಚನ್ನು ನಳದ ತುದಿಯಲ್ಲಿ ಹಾಕಿದ್ದೆ. ಪೈಪು ಕವಲೊಡೆಯುವ ಜಾಗ ಅಲ್ಲಿಂದ ಎಂಟು ಮಾರು ದೂರದಲ್ಲಿತ್ತು. ಅಷ್ಟೂ ಉದ್ದದ ಪೈಪಿನಲ್ಲಿ ನೀರು ಎಲ್ಲಿಗೂ ಹೋಗದೆ ನಿಂತು ಕೆಡುತ್ತದೆ. ಬೇಡವಾದ ನಳವನ್ನು ಕವಲಿನ ಬುಡಕ್ಕೇ ಮುಚ್ಚಬೇಕು. ಇದನ್ನು ಬರೆದಿಟ್ಟುಕೊಳ್ಳಿ. ವಲಾಂಡಿಯ ಕಡೆ ನನ್ನನ್ನು ಇವತ್ತಿಗೂ ರೊಟ್ಟಿ ಮಿಸ್ತ್ರಿ ಎನ್ನುತ್ತಾರೆ, ಅದನ್ನು ಬರೆದುಕೊಳ್ಳುವುದು ಬೇಡ.

ಇನ್ನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಉದಗೀರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಬಸಣ್ಣ ಸಾವಕಾರರ ಮನೆ. ಮೋಂಢಾದಲ್ಲಿ, ಅಂದರೆ ಕಾಳು ಮಾರುವ ಪೇಟೆಯಲ್ಲಿ, ಅವರ ತೊಗರಿ-ಹೆಸರಿನ ಅಡತಿ ಅಂಗಡಿ. ಮನೆಯ ಮುಂದಿನ ಕಟ್ಟೆಗೆ ಹೊಂದಿಕೊಂಡು ಒಂದು ನಳ ಇತ್ತು. ಜಳಕೋಟದ ಕಡೆಯಿಂದ ಕಾಳಿನ ಚೀಲ ಹೇರಿಕೊಂಡು ಬರುವ ಗಾಡಿಯವರು ಕೈಕಾಲು ತೊಳೆಯಲಿ, ಭಿಕ್ಷೆಗೆ ಬರುವ ಜಂಗಮರಿಗೆ ಪಾದಕ್ಕೆ ನೀರು ಇರಲಿ ಎಂದು ಬಸಣ್ಣನವರ ತಂದೆ ಹಾಕಿಸಿದ್ದರು. ಕಬ್ಬಿಣದ ಪೈಪು ತುಕ್ಕು ಹಿಡಿದಾಗ ಪ್ಲಾಸ್ಟಿಕ್ ಪೈಪು ಎಳೆದವನು ನಾನೇ. ಬರಬರುತ್ತಾ ಗಾಡಿಗಳು ನಿಂತವು, ಜಂಗಮರೂ ಮೋಟಾರ್ ಸೈಕಲ್ ಮೇಲೆ ಬರತೊಡಗಿದರು. ನಳ ಯಾರಿಗೂ ಬೇಡವಾಗಿ ನಿಂತಿತು.

ಅದರ ವಾಶರ್ ಸವೆದಿತ್ತು. ಎಷ್ಟು ಬಿಗಿದರೂ ಪೂರ್ತಿ ಬಂದ್ ಆಗುತ್ತಿರಲಿಲ್ಲ. ನಾನು ಬೇರೆ ಕೆಲಸಕ್ಕೆ ಹೋದಾಗಲೆಲ್ಲ, "ವಾಶರ್ ಬದಲಿ ಮಾಡ್ತೀನಿ, ಎರಡು ನಿಮಿಷದ ಕೆಲಸ" ಎನ್ನುತ್ತಿದ್ದೆ. ಬಸಣ್ಣನವರ ತಾಯಿ ಗಂಗಾಬಾಯಿ ಒಳಗಿಂದಲೇ, "ಇರ್ಲಿ ಬಿಡೋ ಕಾಶಿನಾಥ. ಅದೇನ್ ನಿನ್ನ ಅನ್ನ ಕೇಳ್ತದೇನು?" ಎಂದು ತಡೆಯುತ್ತಿದ್ದರು. ಮುದುಕಿಗೆ ಹಳೆಯ ಸಾಮಾನಿನ ಮೇಲೆ ಮೋಹ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಆ ಮನೆಯ ಎದುರು ಒಂದು ಸಣ್ಣ ಕೋಣೆಯಲ್ಲಿ ಶರಣಮ್ಮ ಎಂಬ ಅಜ್ಜಿ ಇದ್ದಾರೆ, ಓಣಿಗೆಲ್ಲ ಅವರು ಆಯಿ. ಮದುವೆಯಾಗಿ ಬೀದರದ ಕಡೆಯಿಂದ ಬಂದವರು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಕಣ್ಣು ಮಂಜಾಗಿವೆ. ಅವರ ಕೋಣೆಗೆ ನಳ ಇಲ್ಲ. ಆದರೆ ಓಣಿಯಲ್ಲಿ ನೀರಿಗೆ ಅವರದ್ದೇ ದರ್ಬಾರು. ಪಾಳಿಯ ದಿನ ನೀರು ಬೆಳಗಿನ ಒಂಬತ್ತಕ್ಕೂ ಬರಬಹುದು, ಮಧ್ಯಾಹ್ನದ ಎರಡಕ್ಕೂ ಬರಬಹುದು. ಮೊದಲು ರಾಡಿ ನೀರು ಬರುವುದರಿಂದ ಯಾರೂ ಕಾಕು, ಅಂದರೆ ನಳದ ತಿರುಪು, ತೆರೆದಿಡುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಇರುತ್ತಾರೆ. ಶರಣಮ್ಮ ಆಯಿ ತಮ್ಮ ಹೊಸ್ತಿಲ ಮೇಲೆ ಕೂತು ಹತ್ತಿಬತ್ತಿ ಹೊಸೆಯುತ್ತಾ ಇದ್ದಕ್ಕಿದ್ದಂತೆ ತಲೆ ಎತ್ತಿ, "ನೀರ ಬಂದಾವ್ರೀ" ಎಂದು ಕೂಗುತ್ತಿದ್ದರು. ಓಣಿಯಲ್ಲಿ ಎಲ್ಲ ಕಡೆ ಕಾಕುಗಳು ತಿರುಗುತ್ತಿದ್ದವು, ಮೋಟಾರುಗಳು ಗುಂಯ್ ಎನ್ನುತ್ತಿದ್ದವು. ಅವರು ಒಮ್ಮೆಯೂ ತಪ್ಪಿದ್ದಿಲ್ಲ. ಅದಕ್ಕೆ ಪ್ರತಿಯಾಗಿ ಪ್ರತಿ ಮನೆಯಿಂದ ಒಂದೊಂದು ಕೊಡ ನೀರು ಅವರ ಹಂಡೆಗೆ ಹೋಗುತ್ತಿತ್ತು. ಆ ನೀರಿನ ಮೇಲೆಯೇ ಅವರ ಎಂಟು ದಿನದ ಸಂಸಾರ.

ಅವರಿಗೆ ಹೇಗೆ ತಿಳಿಯುತ್ತದೆ ಎಂದು ಓಣಿಯವರು ತಲೆಗೊಂದು ಮಾತಾಡುತ್ತಿದ್ದರು. ಮೊಣಕಾಲು ಹಿಡಿಯುತ್ತದಂತೆ ಎಂದು ಕೆಲವರು, ಶಿವನ ವರ ಎಂದು ಕೆಲವರು. ಕೇಳಿದರೆ ಆಯಿ ನಗುತ್ತಿದ್ದರು, ಹೇಳುತ್ತಿರಲಿಲ್ಲ.

ನನ್ನ ಕೊನೆಯ ವರ್ಷ. ಗಂಗಾಬಾಯಿ ಮೊಮ್ಮಗಳ ಬಾಣಂತನಕ್ಕೆಂದು ಉಮರ್ಗಾಕ್ಕೆ ಹೋಗಿದ್ದರು. ಆ ಹೊತ್ತಿಗೆ ಬಸಣ್ಣನವರು ಕಟ್ಟೆಗೆ ಟೈಲ್ಸ್ ಹಾಕಿಸಲು ತೆಗೆದರು. "ಮಿಸ್ತ್ರಿ, ಆ ನಳದ್ದು ಒಂದು ಬಂದೋಬಸ್ತ್ ಮಾಡು. ಹನಿ ಬಿದ್ದು ಬಿದ್ದು ಪಾಚಿಗಟ್ಯಾದ" ಎಂದರು. ಪಾಳಿ ಹೋಗಿ ಎರಡು ದಿನವಾಗಿತ್ತು, ಪೈಪು ಒಣಗಿತ್ತು. ನಾನು ಕವಲಿನ ಬುಡ ಅಗೆದೆ. ಹಳತಾಗಿ ಹಳದಿ ತಿರುಗಿ, ಹಪ್ಪಳದಂತೆ ಪೆಡಸಾಗಿದ್ದ ಪೈಪನ್ನು ಬಿರುಕು ಬಿಡದ ಹಾಗೆ ನಿಧಾನಕ್ಕೆ ಕೊಯ್ದೆ, ಅಂಚು ಉಜ್ಜಿದೆ, ಒಣ ಬಟ್ಟೆಯಿಂದ ಒರೆಸಿದೆ, ಸೊಲ್ಯೂಶನ್ ಹಚ್ಚಿ ಬೂಚು ತೂರಿಸಿ ಕಾಲು ಸುತ್ತು ತಿರುವಿ ಹಿಡಿದೆ. ಮುಂದಿನ ಪಾಳಿಗೆ ಇನ್ನೂ ಆರು ದಿನ, ಅಂಟು ಒಣಗಲು ಬೇಕಾದಷ್ಟು ಹೊತ್ತು. ಇಷ್ಟು ಪುರುಸೊತ್ತು ನಮ್ಮ ಊರಿನ ಮಿಸ್ತ್ರಿಗಳನ್ನು ಬಿಟ್ಟರೆ ಯಾರಿಗೂ ಸಿಗುವುದಿಲ್ಲ. ರೊಟ್ಟಿ ಇಲ್ಲ, ನಿಂತ ನೀರು ಇಲ್ಲ, ಉಸ್ತಾದರು ಬದುಕಿದ್ದರೆ ಬೆನ್ನು ತಟ್ಟುತ್ತಿದ್ದರು ಎನಿಸಿತು. ಮರುದಿನ ಟೈಲ್ಸ್ ಕೂತವು.

ಒಂದು ಪಾಳಿ ಕೂತು ನೋಡಲಿಲ್ಲ. ಬೇಡವಾದ ನಳದಲ್ಲಿ ನೋಡುವುದೇನಿದೆ?

ಮುಂದಿನ ಪಾಳಿಗೆ ಶರಣಮ್ಮ ಆಯಿ ಕೂಗಲಿಲ್ಲ. ಓಣಿಯ ತುದಿಯ ಮನೆಯವರು ಯಾವುದಕ್ಕೋ ಕಾಕು ತೆರೆದಾಗ ನೀರು ಬಂದು ಅರ್ಧ ಪಾಳಿಯೇ ಮುಗಿದಿತ್ತು. ಎಲ್ಲರ ನೀರಿನ ಟಾಕಿ ಅರ್ಧವೇ ತುಂಬಿತು. "ಆಯಿಗೆ ವಯಸ್ಸಾತು, ಪಾಪ" ಎಂದರು. ಅದರ ಮುಂದಿನ ಪಾಳಿಗೆ ಆಯಿ ಹತ್ತು ಗಂಟೆಗೇ ಕೂಗಿದರು. ಜನ ಓಡಿ ಬಂದು ಕಾಕು ತಿರುವಿದರೆ ಬರೀ ಗಾಳಿಯೂ ಇಲ್ಲ. ನೀರು ಬಂದದ್ದು ಒಂದೂವರೆಗೆ. ಕೆಲವರು ನಕ್ಕರು. ಇನ್ನು ಮೊಬೈಲಿನಲ್ಲಿ ಗುಂಪು ಮಾಡಿಕೊಳ್ಳೋಣ, ಆಯಿಗೇಕೆ ತೊಂದರೆ ಎಂದರು. ಆದರೂ ಕೊಡಗಳನ್ನು ಕೊಟ್ಟು ಕಳಿಸಿದರು. ಆಯಿ ಬಾಗಿಲಲ್ಲೇ ನಿಂತು ಅಷ್ಟನ್ನೂ ತಿರುಗಿ ಕಳಿಸಿದರಂತೆ. ಹಂಡೆ ತಳ ಕಂಡಿತ್ತು.

ಇದನ್ನು ನಾನು ಆ ದಾರಿಯಲ್ಲಿ ಹೊರಟಾಗ ಓಣಿಯವರು ಹೇಳಿದರು. ಹೊಸ್ತಿಲಲ್ಲಿ ಕೂತಿದ್ದ ಆಯಿ ಕರೆದರು.

"ಕಾಶಿನಾಥ, ನೀನೇ ಹೌದಲ್ಲ? ಚೀಲದಾಗ ನಿನ್ನ ಪಾನಾ ಬಡೀಲತ್ತದ."

"ಹೌದ್ರೀ ಆಯಿ. ನೀರ ಯಾಕ ತಿರುಗಿ ಕಳಿಸಿದ್ರಿ?"

"ದುಡೀಲಾರದ ನೀರ ಹ್ಯಾಂಗ ತಗೋಲಿ? ಹೇಳೋದು ನನ್ನ ಕೆಲಸ, ಕೊಡ ಕೊಡೋದು ಅವ್ರ ಕೆಲಸ. ನಾ ಹೇಳಿಲ್ಲ." ಕೈಯಲ್ಲಿದ್ದ ಬತ್ತಿ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದರು. "ಸಾವಕಾರರ ಕಟ್ಟಿ ನಳಕ್ಕ ಏನ್ ಮಾಡ್ದಿ?"

"ಬೂಚು ಹಾಕಿದೆ. ಬ್ಯಾಡಾಗಿತ್ತು ಅವರಿಗಿ."

"ಅದು ನಂಗ ಹೇಳ್ತಿತ್ತೋ. ನೀರ ಬರೋ ಮೊದಲ ಗಾಳಿ ಬರ್ತದಲ್ಲ, ಆಗ ಸುಂಯ್ ಅಂತಿತ್ತು. ಸಣ್ಣಗ. ಯಾರಿಗೂ ಕೇಳ್ತಿದ್ದಿಲ್ಲ, ನಂಗೊಬ್ಬಾಕಿಗೇ. ಯಾರ ಮುಂದೂ ಹೇಳಬ್ಯಾಡ, ನಗ್ತಾರ."

ನನಗೆ ನಿಂತಲ್ಲೇ ನಾಚಿಕೆಯಾಯಿತು. ಬೀದಿಯ ಪೈಪಿನಲ್ಲಿ ನೀರು ನುಗ್ಗಿದಾಗ ಒಳಗಿನ ಗಾಳಿ ಮುಂದೆ ಓಡುತ್ತದೆ. ಎಲ್ಲ ಕಾಕುಗಳೂ ಬಂದ್ ಆಗಿರುವಾಗ ಅದಕ್ಕೆ ಸಿಗುತ್ತಿದ್ದ ಒಂದೇ ಸಂದಿ ಆ ಸವೆದ ವಾಶರ್. ಜೀವಮಾನವೆಲ್ಲ ಪೈಪಿನೊಂದಿಗೆ ಕಳೆದವನಿಗೆ ಇದು ಹೊಳೆಯಲಿಲ್ಲ. ಒಂದೇ ಒಂದು ಪಾಳಿ ಆ ಕಟ್ಟೆಯ ಮೇಲೆ ಕೂತಿದ್ದರೆ ಸಾಕಿತ್ತು. ಉಸ್ತಾದರ ಮಾತು ಮುದುಕರ ಚಾಳಿ ಎಂದುಕೊಂಡಿದ್ದೆನಲ್ಲ, ನಾನೇ ಮುದುಕನಾಗಿ ನಿಂತಾಗ ಅದರ ಅರ್ಥವಾಯಿತು.

ಹಳೆಯ ನಳ ಮತ್ತೆ ಹಾಕುವಂತಿರಲಿಲ್ಲ. ಹನಿ ಬಿದ್ದರೆ ಸಾವಕಾರರು ಬಿಡುವುದಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಮೂರನೇ ದಿನ ಹೊಲದ ಸಾಮಾನು ಮಾರುವ ಅಂಗಡಿಯ ಮುಂದೆ ಹೋಗುವಾಗ ಉತ್ತರ ಅಲ್ಲೇ ತೂಗುಬಿದ್ದಿತ್ತು. ಮಾಕಣಿಯ ಕಡೆ ಹೊಲದಲ್ಲಿ ಹನಿ ನೀರಾವರಿ ಮಾಡುವವರು ಪೈಪಿನ ಮೇಲೆ ಏರ್ ವಾಲ್ವ್ ಹಾಕುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಪ್ಲಾಸ್ಟಿಕ್ಕಿನದು. ಗಾಳಿಯನ್ನು ಹೊರಗೆ ಬಿಡುತ್ತದೆ, ನೀರು ಬಂದ ಕೂಡಲೇ ಒಳಗಿನ ಗುಂಡು ಮೇಲೆದ್ದು ಬಾಯಿ ಮುಚ್ಚುತ್ತದೆ. ಒಂದು ಹನಿ ಬೀಳುವುದಿಲ್ಲ.

ಸಾವಕಾರರ ಹತ್ತಿರ ಹೋದೆ. ಒಂದು ಟೈಲ್ ಒಡೆಯಬೇಕು ಎಂದಾಗ ಅವರ ಮುಖ ನೋಡಬೇಕಿತ್ತು.

"ಹೊಸಾ ಟೈಲ್ಸ್ ಒಡೀತಿ? ನಿಂಗ ತಲಿ ಸರಿ ಅದನೋ ಇಲ್ಲೋ ಮಿಸ್ತ್ರಿ?"

"ಸಾವಕಾರ್ರೀ, ಪೈಪ್ ಹಳೇದದ. ಗಾಳಿಗಿ ದಾರಿ ಬೇಕು, ಇಲ್ಲಂದ್ರ ಒಂದಿನ ನೆಲದಾಗೇ ಸೀಳ್ತದ. ನಾ ಮೊದಲೇ ನೋಡ್ಬೇಕಿತ್ತು. ತಪ್ಪು ನಂದು."

ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಯಿಯ ಗುಟ್ಟು ನನ್ನ ಹೊಟ್ಟೆಯಲ್ಲೇ ಉಳಿಯಿತು, ನೀವೂ ಆ ಓಣಿಯಲ್ಲಿ ಬಾಯಿ ಬಿಡಬೇಡಿ. ತಪ್ಪು ನಂದು ಎನ್ನುವ ಮಿಸ್ತ್ರಿಯನ್ನು ಬಸಣ್ಣನವರು ಆವರೆಗೆ ಕಂಡಿರಲಿಲ್ಲ. "ಒಡಿ ಮಾರಾಯ. ಒಂದೇ ಒಡಿ. ಮತ್ತ ರೊಟ್ಟಿ ಗಿಟ್ಟಿ ತುಂಬಬ್ಯಾಡ" ಎಂದರು. ವಲಾಂಡಿಯ ಸುದ್ದಿ ಮೋಂಢಾದವರೆಗೂ ಬಂದಿದೆ ಎಂದು ಆಗ ಗೊತ್ತಾಯಿತು.

ನನ್ನದೇ ಬೂಚನ್ನು ಕೊಯ್ದು ತೆಗೆದೆ. ಅಲ್ಲಿಂದ ಗೇಣುದ್ದ ಪೈಪನ್ನು ಮೇಲಕ್ಕೆತ್ತಿ, ತುದಿಗೆ ಏರ್ ವಾಲ್ವ್ ಕೂರಿಸಿ, ಅದರ ಬಾಯಿಯನ್ನು ಆಯಿಯ ಹೊಸ್ತಿಲ ಕಡೆಗೆ ತಿರುಗಿಸಿದೆ. ಪಾಳಿಯ ದಿನ ಬೆಳಗಿನ ಎಂಟಕ್ಕೇ ಹೋಗಿ ಕಟ್ಟೆಯ ಮೇಲೆ ಕೂತೆ. ಎದುರಿಗೆ ಆಯಿ ಬತ್ತಿ ಹೊಸೆಯುತ್ತಿದ್ದರು. ಹಿಂದಿನ ದಿನವಷ್ಟೇ ಉಮರ್ಗಾದಿಂದ ಮರಳಿದ್ದ ಗಂಗಾಬಾಯಿ ಹೊರಗೆ ಬಂದು, ಹೊಸ ಟೈಲ್ಸನ್ನೂ ನನ್ನ ವಾಲ್ವನ್ನೂ ನೋಡಿ ನನ್ನ ಪಕ್ಕ ಕೂತರು.

ಹನ್ನೊಂದು ದಾಟಿತು. ಒಳಗೆ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಅತ್ತೆ ಸೊಸೆಯರು ಜೋರಾಗಿ ಜಗಳಾಡುತ್ತಿದ್ದರು. ಆಗ ನನ್ನ ಕಾಲ ಬಳಿ ವಾಲ್ವ್ ಸುಂಯ್ ಎಂದಿತು. ಹಳೆಯ ನಳಕ್ಕಿಂತ ತೆಳುವಾದ ದನಿ. ನಾನು ಎದುರಿಗೆ ನೋಡಿದೆ. ಆಯಿ ತಲೆ ಎತ್ತಲಿಲ್ಲ. ಈಗಲೂ ತಪ್ಪಿದರೆ ಆ ಹಂಡೆ ಇನ್ನು ತುಂಬುವುದಿಲ್ಲ, ಅವರು ಯಾರ ಕೊಡವನ್ನೂ ಮುಟ್ಟುವುದಿಲ್ಲ. ಕೆಮ್ಮಿ ಸನ್ನೆ ಮಾಡಲೇ ಎನಿಸಿತು. ಅಷ್ಟರಲ್ಲಿ ಗಂಗಾಬಾಯಿ ಒಳಗೆ ತಿರುಗಿ, "ಏ ಬಸ್ಯಾ, ಆ ಟಿವಿ ಬಂದ್ ಮಾಡು" ಎಂದು ಗದರಿದರು.

ಟಿವಿ ನಿಂತಿತು. ಓಣಿ ಒಂದು ಕ್ಷಣ ಸುಮ್ಮನಾಯಿತು. ಶರಣಮ್ಮ ಆಯಿಯ ಕೈ ಬತ್ತಿಯ ಮೇಲೆಯೇ ನಿಂತಿತು. ತಲೆ ಸ್ವಲ್ಪ ಓರೆಯಾಯಿತು. ಆಮೇಲೆ ಮುಖ ಅರಳಿತು.

"ನೀರ ಬಂದಾವ್ರೀ."

ಮೊದಲು ಯಾರೂ ಏಳಲಿಲ್ಲ. ಗಂಗಾಬಾಯಿ ತಾವೇ ಎದ್ದು ಹೋಗಿ ಕಾಕು ತಿರುವಿದರು. ಟಾಕಿಗೆ ನೀರು ಧುಮುಕುವ ಸದ್ದು ಕೇಳಿದ ಮೇಲೆ ಓಣಿಯ ಉಳಿದವರೂ ಓಡಿದರು. ಮೊದಲ ರಾಡಿ ಹೋಗಿ ನೀರು ತಿಳಿಯಾದಾಗ ಗಂಗಾಬಾಯಿ ಕೊಡ ತುಂಬಿ, ಸೊಸೆಯ ಕೈಗೆ ಕೊಡದೆ ತಾವೇ ಟೊಂಕದ ಮೇಲಿಟ್ಟುಕೊಂಡು ಎದುರಿಗೆ ಹೋದರು. ಶರಣಮ್ಮ ಆಯಿ ಈ ಸಲ ಬಾಗಿಲು ಬಿಟ್ಟು ಸರಿದು ನಿಂತರು. ಹಂಡೆಗೆ ನೀರು ಬಿದ್ದ ಸದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು. ಅದನ್ನು ಒಪ್ಪಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ.

ಗಂಗಾಬಾಯಿ ಖಾಲಿ ಕೊಡ ಹಿಡಿದು ತಿರುಗಿ ಬಂದು ನನ್ನ ಮುಂದೆ ನಿಂತರು.

"ಇಷ್ಟ್ ವರ್ಷ ವಾಶರ್ ಹಾಕಬ್ಯಾಡ ಅಂತ ನಾ ಸುಮ್ ಸುಮ್ಮ ಹೇಳ್ತಿದ್ದೆನೇನೋ, ಶಾಣ್ಯಾ?"

ಆಮೇಲೆ ಅವರು ದನಿ ತಗ್ಗಿಸಿದರು. "ನಂಗ ಗೊತ್ತದ ಅಂತ ಆಕಿಗಿ ಹೇಳಬ್ಯಾಡ. ಮತ್ತ ನಾಳಿ ಬಂದು ಅದರ ಬಾಯಿ ಜರಾ ದೊಡ್ಡದು ಮಾಡು. ಆಕಿ ಕಿವಿನೂ ಮೊದಲಿನಂಗ ಇಲ್ಲ."

ಮರುದಿನ ವಾಲ್ವಿನ ಬಾಯಿ ಉಜ್ಜಿ ಅಗಲ ಮಾಡಲು ಕಾನಸು ಹಿಡಿದು ಹೋದೆ. ಕಟ್ಟೆಯ ಬಳಿ ಕೂಡುವಷ್ಟರಲ್ಲಿ ಎದುರಿನ ಹೊಸ್ತಿಲಿಂದ ದನಿ ಬಂತು.

"ಕಾಶಿನಾಥ, ಕೈ ತೆಗಿ. ನನ್ನ ಕಿವಿ ನೆಟ್ಟಗ ಅದಾವ. ನಿನ್ನೆ ಹೊಸಾ ದನಿ ಇತ್ತು, ಗುರ್ತ ಹತ್ತಲಿಕ್ಕ ಜರಾ ಹೊತ್ತು ಹಿಡೀತು. ಅಷ್ಟೇ."

ಕಾನಸನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಚೀಲ ಅಟ್ಟ ಸೇರಿದ್ದು ಅದಾದ ತಿಂಗಳಿಗೆ. ಆ ವಾಲ್ವ್ ಇವತ್ತಿಗೂ ಹಾಗೆಯೇ ಇದೆ. ಈಗ ನನಗೆ ಬೇರೆ ಕೆಲಸವಿಲ್ಲ, ಪಾಳಿಯ ದಿನ ಹೋಗಿ ಸಾವಕಾರರ ಕಟ್ಟೆಯ ಮೇಲೆ ಕೂಡುತ್ತೇನೆ. ವಾಲ್ವ್ ನನ್ನ ಪಾದದಿಂದ ಗೇಣು ದೂರದಲ್ಲಿರುತ್ತದೆ. ಆಯಿ ಓಣಿಯ ಆಚೆ ಬದಿಗೆ ಕೂತಿರುತ್ತಾರೆ. ಒಮ್ಮೆಯಾದರೂ ಅವರಿಗಿಂತ ಮೊದಲು ಅದನ್ನು ಕೇಳಬೇಕೆಂದು ಕಿವಿ ನಿಮಿರಿಸಿ ಕೂಡುತ್ತೇನೆ. ಎರಡು ವರ್ಷವಾಯಿತು, ಇನ್ನೂ ಆಗಿಲ್ಲ.